ಅವ್ವ ಆರಿಸಿದ ದ್ವೀಪ

ನಿನ್ನೆ ಸಂಜೆ ಅವ್ವನ ಮೊಣಕಾಲಿಗೆ ಹಚ್ಚುವ ಮುಲಾಮು ಹುಡುಕುತ್ತಾ ಬೀರುವಿನ ಕೆಳಗಿನ ಖಾನೆಗೆ ಕೈಹಾಕಿದೆ. ಆ ಖಾನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ಅರ್ಧ ಕುಡಿದ ಕೆಮ್ಮಿನ ಔಷಧಿ, ಯಾವ ಕಾಯಿಲೆಗೆ ತಂದದ್ದೆಂದು ಯಾರಿಗೂ ನೆನಪಿಲ್ಲದ ಮಾತ್ರೆ, ಒಂಟಿ ಕಾಲುಚೀಲ, ಉರಿಯದ ಟಾರ್ಚು ಎಲ್ಲ ಅಲ್ಲಿ ಅನ್ಯೋನ್ಯವಾಗಿ ಬಾಳುತ್ತಿರುತ್ತವೆ. ಕೈಗೊಂದು ಹಳದಿ ಟ್ಯೂಬು ಸಿಕ್ಕಿತು. ಕನ್ನಡಕ ಅಡುಗೆಮನೆಯಲ್ಲಿತ್ತು. ಅಷ್ಟು ದೂರ ಹೋಗಿ ತರುವುದಕ್ಕಿಂತ ಧೈರ್ಯ ಮಾಡುವುದೇ ಸುಲಭವೆನಿಸಿ, ಅವ್ವನ ಮೊಣಕಾಲಿನ ಮೇಲೆ ಹಿಂಡಿ ತಿಕ್ಕತೊಡಗಿದೆ. ಮೊಣಕಾಲು ಹಬ್ಬಕ್ಕೆ ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳ್ಳಗಾಯಿತು. ಎಳನೀರಿನದೂ ಅಲ್ಲದ, ಕೊಬ್ಬರಿಯದೂ ಅಲ್ಲದ ಒಂದು ಸಿಹಿ ವಾಸನೆ ಕೋಣೆಯಲ್ಲೆಲ್ಲ ಹಬ್ಬಿತು.

ಅವ್ವ ಮೂಗು ಅರಳಿಸಿದಳು. "ಇದು ಕಾಲ್ಗ್ ಅಚ್ಚೋದಲ್ಲ ಕಣವ್ವ. ದ್ವೀಪದಲ್ಲಿ ಎಲ್ರೂ ಮೊಕುಕ್ಕೆ ಬಳ್ಕತಿದ್ರಲ್ಲ, ಆ ಸುಣ್ಣ."

ಬಿಸಿಲಿಗೆ ಮುಖ ಕಪ್ಪಾಗಬಾರದೆಂದು ಕೊಂಡ ಕ್ರೀಮು ಅದು. ಅದರ ಆಯುಸ್ಸು ಮುಗಿದು ಯಾವ ಕಾಲವಾಗಿತ್ತೋ. ಅವ್ವನ ಮೊಣಕಾಲಂತೂ ಇನ್ನು ಕಪ್ಪಾಗುವ ಭಯವಿಲ್ಲ ಎಂದು ಇಬ್ಬರೂ ನಕ್ಕೆವು. ಆಮೇಲೆ ಅವಳು ಮಲಗಿದಳು. ನಾನು ಆ ವಾಸನೆಯ ಜೊತೆ ಕೂತುಬಿಟ್ಟೆ.

ಆ ದ್ವೀಪಕ್ಕೆ ನಾವು ಹೋಗಿ ಬಂದು ಕೆಲವು ವರ್ಷಗಳಾದವು. ಹೋಗಿ ಬಂದ ಕತೆಗಿಂತ, ಯಾವ ದ್ವೀಪಕ್ಕೆ ಹೋಗುವುದೆಂದು ನಾವು ತೀರ್ಮಾನ ಮಾಡಿದ ಕತೆಯೇ ದೊಡ್ಡದು. ಅದಕ್ಕೆ ಮೊದಲು ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. 'ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವನ್ನು ದ್ವೀಪ ಎನ್ನುತ್ತಾರೆ' ಎಂಬ ವಾಕ್ಯವನ್ನು ಎಷ್ಟು ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೋ ದೇವರಿಗೇ ಗೊತ್ತು. ಆದರೆ ಶ್ರೀರಂಗಪಟ್ಟಣವೊಂದನ್ನು ಬಿಟ್ಟರೆ ನಾನು ಕಾಲಿಟ್ಟ ದ್ವೀಪ ಬೇರೊಂದಿರಲಿಲ್ಲ. ಶ್ರೀರಂಗಪಟ್ಟಣ ದ್ವೀಪವೆಂಬುದು ಮೈಸೂರಿನವರಿಗೆ ಪರೀಕ್ಷೆಯಲ್ಲಿ ಮಾತ್ರ ನೆನಪಾಗುವ ಸಂಗತಿ. ಬಸ್ಸಿನಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿರುವಾಗ, ಇಗೋ ಈಗ ನಾನು ದ್ವೀಪ ಪ್ರವೇಶ ಮಾಡಿದೆ ಎಂದು ಯಾರಿಗೆ ತಾನೇ ಅನ್ನಿಸುತ್ತದೆ?

ಅದೊಂದು ಭಾನುವಾರ, ಅವರೆಕಾಯಿಯ ಕಾಲ. ನಾನೂ ನಮ್ಮವರೂ ಕೆಸರೆಯಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆವು. ಅಣ್ಣನ ಹೆಸರು ಶಿವರಾಜು. ಅಪ್ಪನ ಕಾಲದಿಂದ ಬಂದ ಬೆಲ್ಲದ ಸಗಟು ಅಂಗಡಿಯನ್ನು ಮಂಡಿ ಮೊಹಲ್ಲಾದಲ್ಲಿ ನಡೆಸುತ್ತಾನೆ. ಅವ್ವ ಇರುವುದು ಅವನ ಜೊತೆ. ಆಗಷ್ಟೇ ಅವಳ ಕಣ್ಣಿನ ಪೊರೆ ತೆಗೆಸಿತ್ತು. ಹೊಸ ಕಣ್ಣು ಬಂದ ಸಡಗರದಲ್ಲಿ ಮನೆಯವರನ್ನೆಲ್ಲ ಅವಳು ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು. ನನ್ನ ಬೈತಲೆಯನ್ನು ನೋಡಿ, "ಇಷ್ಟೊಂದ್ ನರ್ತೋಗ್ಬುಟ್ಟಿದ್ದೀಯ, ಯಾರೂ ನಂಗ್ ಯೋಳೇ ಇಲ್ವಲ್ಲ," ಎಂದು ನಿಜವಾಗಿಯೂ ಬೇಜಾರು ಮಾಡಿಕೊಂಡಳು.

ಅಣ್ಣನ ಮಗ ಚೇತನ್ ಅಜ್ಜಿಯ ಪಕ್ಕದಲ್ಲಿ ಕೂತು, "ಅಜ್ಜಿ, ಕಣ್ಣು ಬಂತಲ್ಲ, ಈಗ ಏನ್ ನೋಡ್ಬೇಕು ಹೇಳು. ಎಲ್ರೂ ಸೇರಿ ಹೋಗೋಣ," ಅಂದ.

"ಧರ್ಮಸ್ಥಳಕ್ಕೆ ಹೋಗ್ಬಂದ್ರಾಯ್ತು," ಎಂದ ಅಣ್ಣ, ಪೇಪರಿನಿಂದ ತಲೆಯೆತ್ತದೆ. ನಮ್ಮ ಮನೆಯಲ್ಲಿ ಪ್ರವಾಸವೆಂದರೆ ಧರ್ಮಸ್ಥಳ. ಮದುವೆಯಾದರೂ ಅಲ್ಲಿಗೆ, ಮಗುವಾದರೂ ಅಲ್ಲಿಗೆ, ಹೊಸ ಗಾಡಿ ತಂದರೂ ಅಲ್ಲಿಗೆ.

"ಅದಲ್ಲಪ್ಪ. ಸಮುದ್ರ, ಬೀಚು, ಯಾವ್ದಾದ್ರೂ ದ್ವೀಪ," ಅಂದ ಚೇತನ್.

ಅವ್ವ ನೆನೆಹಾಕಿದ ಅವರೆಕಾಳನ್ನು ಹಿತುಕುತ್ತಿದ್ದಳು. "ದ್ವೀಪ ಅಂದ್ರೆ ಎಂಗಿದ್ದದವ್ವ?" ಎಂದು ನನ್ನನ್ನು ಕೇಳಿದಳು. ನಾನು ತರಗತಿಯ ಗಂಟಲಿನಲ್ಲಿ ವ್ಯಾಖ್ಯೆ ಒಪ್ಪಿಸಿದೆ.

"ನಾಕೂ ಕಡೆ ನೀರಾ?"

"ನಾಲ್ಕೂ ಕಡೆ."

"ಮತ್ತೆ, ಎದ್ದು ಬರ್ಬೇಕು ಅಂದ್ರೆ?"

"ದೋಣಿ ಬರೋವರೆಗೆ ಕಾಯ್ಬೇಕು."

ಅವ್ವ ಇನ್ನೊಂದಷ್ಟು ಕಾಳು ಹಿತುಕಿದಳು. ಆಮೇಲೆ, ಸಾರಿಗೆ ಉಪ್ಪು ಸಾಲದು ಎನ್ನುವಷ್ಟೇ ಸಾಧಾರಣ ದನಿಯಲ್ಲಿ, "ಅಂಗಾದ್ರೆ ದ್ವೀಪಕ್ಕೇ ಹೋಗಣ," ಎಂದಳು. "ಎಲ್ರೂವೆ. ಜಯನೂ ಬರ್ಬೇಕು."

ಅಣ್ಣ ಪೇಪರು ಮಡಿಸಿದ. "ಅಂಗಡಿಗೆ ಲೋಡ್ ಬರೋದಿತ್ತು, ನೋಡ್ಕೊಂಡು ಬತ್ತೀನಿ," ಎಂದು ಎದ್ದು ಹೋದ. ಭಾನುವಾರ ಲೋಡು ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಜಯ ನಮ್ಮ ಅಕ್ಕ. ನಮ್ಮ ಮೂವರಲ್ಲಿ ಅಕ್ಕ ದೊಡ್ಡವಳು, ಅಣ್ಣ ನಡುವಿನವನು, ನಾನು ಕೊನೆಯವಳು. ಅಕ್ಕನೂ ಅಣ್ಣನೂ ಮಾತು ಬಿಟ್ಟು ಆಗ ವರ್ಷಗಳೇ ಆಗಿದ್ದವು. ಅವಳಿದ್ದಲ್ಲಿ ಅವನು ಇರುತ್ತಿರಲಿಲ್ಲ. ಅವನು ಬಂದರೆ ಅವಳು ಚಪ್ಪಲಿ ಹುಡುಕುತ್ತಿದ್ದಳು. ಎದ್ದು ಹೋಗುವುದು ನಮ್ಮ ಮನೆತನದ ಕಲೆ ಎಂದರೂ ತಪ್ಪಿಲ್ಲ. ಬೇರೆ ಮನೆಗಳಲ್ಲಿ ಸಿಟ್ಟು ಬಂದರೆ ಕೂಗಾಡುತ್ತಾರೆ, ಪಾತ್ರೆ ಕುಕ್ಕುತ್ತಾರೆ. ನಮ್ಮಲ್ಲಿ ಎದ್ದು ಹೋಗುತ್ತಾರೆ. ಅಪ್ಪ ಹಾಗೆಯೇ ಇದ್ದ. ಅರ್ಧ ಊಟದಲ್ಲಿ ಎದ್ದು ಅಂಗಡಿಗೆ ಹೋಗಿ ಬೆಲ್ಲದ ಮೂಟೆಗಳ ನಡುವೆ ಕೂತುಬಿಡುತ್ತಿದ್ದ. ಕರೆದು ತರಲು ಹೋಗುತ್ತಿದ್ದವಳು ಅಕ್ಕ ಒಬ್ಬಳೇ. ಅವಳು ಹೋಗಿ ಮಾತಾಡದೆ ಪಕ್ಕದಲ್ಲಿ ಕೂರುತ್ತಿದ್ದಳು. ಅಪ್ಪ ಒಂದು ಅಚ್ಚು ಒಡೆದು ಅವಳ ಕೈಗೆ ಚೂರು ಬೆಲ್ಲ ಕೊಡುತ್ತಿದ್ದ. ಅದು ಬಾಯಲ್ಲಿ ಕರಗುವ ಹೊತ್ತಿಗೆ ಸಿಟ್ಟೂ ಕರಗಿ ಇಬ್ಬರೂ ಮನೆಗೆ ಬರುತ್ತಿದ್ದರು. ಅಪ್ಪನಿಗೆ ನಾವು ಮೂವರೂ ಮಕ್ಕಳೇ. ಆದರೆ ಅಕ್ಕ ಗೆಳತಿಯೂ ಆಗಿದ್ದಳು.

ಅಪ್ಪ ತೀರಿಕೊಂಡಾಗ ಅಕ್ಕ ಹುಬ್ಬಳ್ಳಿಯಲ್ಲಿದ್ದಳು. ಭಾವನಿಗೆ ಬ್ಯಾಂಕಿನ ಕೆಲಸ, ಅಲ್ಲಿಗೆ ವರ್ಗವಾಗಿತ್ತು. ಅಪ್ಪನಿಗೆ ಎದೆ ಹಿಡಿದಂತಾಗಿ ಆಸ್ಪತ್ರೆಗೆ ಸೇರಿಸಿದರು. ಏನೂ ಇಲ್ಲ, ನಾಳೆ ಮನೆಗೆ ಹೋಗಬಹುದು ಎಂಬಂತಿತ್ತು. ಮಾರನೆಯ ಬೆಳಗ್ಗೆ ಏಕಾಏಕಿ ಕೆಟ್ಟಿತು. ನನಗೂ ಸುದ್ದಿ ಬಂದದ್ದು ಆಗಲೇ. ಊರಲ್ಲೇ ಇದ್ದುದರಿಂದ ಕೊನೆಯ ಗಳಿಗೆಗೆ ಸಿಕ್ಕೆ. ಅಕ್ಕ ಬಂದಿಳಿಯುವಾಗ ಅಂಗಳದಲ್ಲಿ ಚಪ್ಪರ ಹಾಕಿತ್ತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೇ ಅವಳಿಗೆ ಗೊತ್ತಿರಲಿಲ್ಲ. ಅವಳು ಅಳಲಿಲ್ಲ. ಅಣ್ಣನ ಮುಂದೆ ನಿಂತು, "ನಂಗ್ಯಾಕೋ ಹಿಂದಿನ ದಿನವೇ ಒಂದು ಫೋನ್ ಮಾಡ್ಲಿಲ್ಲ? ರಾತ್ರಿ ಬಸ್ ಹತ್ತಿದ್ರೆ ಜೀವ ಇದ್ದಾಗ ನೋಡ್ತಿದ್ದೆ," ಎಂದು ಕೇಳಿದಳು. ಅಣ್ಣ ತಲೆ ತಗ್ಗಿಸಿ, "ತೋಚ್ಲಿಲ್ಲ ಕಣಕ್ಕ," ಅಂದ. ಅಷ್ಟೇ. ಅದು ಅವರಿಬ್ಬರ ಕೊನೆಯ ಮಾತು. ಮುಂದೆ ಭಾವನಿಗೆ ಮೈಸೂರಿಗೇ ವರ್ಗವಾಗಿ ಅಕ್ಕ ವಿಜಯನಗರಕ್ಕೆ ಬಂದು ನೆಲೆಸಿದಳು. ಹುಬ್ಬಳ್ಳಿಯ ದೂರ ಕಳೆಯಿತು, ಈ ದೂರ ಕಳೆಯಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ದೂತವೃತ್ತಿ. "ಹಬ್ಬಕ್ಕೆ ಅವ್ವನ್ನ ಕಳಿಸ್ತಾನಾ ಕೇಳು." "ಭಾನುವಾರ ಬಂದು ಕರ್ಕೊಂಡು ಹೋಗ್ಲಿ ಅನ್ನು." ಒಬ್ಬರು ಹೇಳಿದ ಮಾತಿನ ಮುಳ್ಳು ತೆಗೆದು, ಸ್ವಲ್ಪ ಸಕ್ಕರೆ ಬೆರೆಸಿ ಇನ್ನೊಬ್ಬರಿಗೆ ಮುಟ್ಟಿಸುವುದರಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ, ಒಮ್ಮೊಮ್ಮೆ ಮೂಲ ಮಾತು ಏನಿತ್ತೆಂದು ನನಗೇ ಮರೆತುಹೋಗುತ್ತಿತ್ತು. ನಿಜ ಹೇಳಬೇಕೆಂದರೆ ಆ ಕೆಲಸದಲ್ಲಿ ನನಗೊಂದು ಸಣ್ಣ ಹೆಮ್ಮೆಯೂ ಇತ್ತು. ಇಬ್ಬರಿಗೂ ನಾನು ಬೇಕಾಗಿದ್ದೆ. ಕೊನೆಯ ಮಗುವಿಗೆ ಅಂಥ ಮರ್ಯಾದೆ ಸುಲಭವಾಗಿ ಸಿಗುವುದಿಲ್ಲ.

ಹೀಗಿರುವಾಗ ದ್ವೀಪ. ಅವ್ವನ ಮಾತನ್ನು ಅಕ್ಕನಿಗೆ ಮುಟ್ಟಿಸಿದೆ. ಅವಳು, "ಅವ್ವ ಇದುವರೆಗೆ ನಮ್ಮನ್ನ ಏನಾದ್ರೂ ಕೇಳಿದ್ದಾಳಾ?" ಅಂದಳು. ನಾನು ಯೋಚಿಸಿ ನೋಡಿದೆ. ಇರಲಿಲ್ಲ. ಅಣ್ಣನೂ ಹೆಂಡತಿಯ ಹತ್ತಿರ ಅದೇ ಮಾತು ಆಡಿದನಂತೆ. ಹೀಗೆ ಇಬ್ಬರೂ ಒಪ್ಪಿದರು. ವಿಮಾನದಲ್ಲಿ ಸೀಟು ದೂರ ದೂರ ಇರಬೇಕೆಂಬ ಷರತ್ತು ಇಬ್ಬರದೂ ಒಂದೇ ಆಗಿತ್ತು.

ಇನ್ನು ಯಾವ ದ್ವೀಪ ಎಂಬ ಪ್ರಶ್ನೆ. ಚೇತನ್ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ. ದಿನವೂ ನೀಲಿ ಚಿತ್ರಗಳ ಮಳೆ. ಆ ಗುಂಪಿನಲ್ಲಿ ಅಣ್ಣ ಹಾಕಿದ್ದಕ್ಕೆ ಅಕ್ಕ ಉತ್ತರಿಸುತ್ತಿರಲಿಲ್ಲ. ಅಕ್ಕ ಹಾಕಿದ್ದಕ್ಕೆ ಅಣ್ಣ ಉತ್ತರಿಸುತ್ತಿರಲಿಲ್ಲ. ಭಾವ ಮಾತ್ರ ಎಲ್ಲದಕ್ಕೂ ಕೈ ಮುಗಿಯುವ ಚಿತ್ರ ಹಾಕುತ್ತಿದ್ದರು. ಪ್ರತಿ ಭಾನುವಾರ ಅವ್ವನ ಮುಂದೆ ವಿಚಾರಣೆ ನಡೆಯುತ್ತಿತ್ತು. ಅಕ್ಕ ಆ ಸಭೆಗೆ ಬರುತ್ತಿರಲಿಲ್ಲ. ಅವಳ ಪರವಾಗಿ ನಾನು.

ಮೊದಲು ಬಂದದ್ದು ಮಾಲ್ಡೀವ್ಸ್. ಚೇತನ್ ಫೋನಿನಲ್ಲಿ ನೀರಿನ ಮೇಲೆ ಕಟ್ಟಿದ ಕುಟೀರಗಳನ್ನು ತೋರಿಸಿದ. ಅವ್ವ ಹೊಸ ಕಣ್ಣಿನಿಂದ ಅವನ್ನೆಲ್ಲ ನಿಧಾನವಾಗಿ ನೋಡಿದಳು.

"ಬಚ್ಚಲ್ಗೆ ಅಂತ ಎದ್ದೋಳು ಸಮುದ್ರುಕ್ಕೆ ಬಿದ್ದೋದ್ರೆ ಏನ್ಲಾ ಗತಿ?"

"ಬೀಳಲ್ಲ ಅಜ್ಜಿ, ಸುತ್ತ ಕಟಕಟೆ ಇರುತ್ತೆ."

"ಒಬ್ಬೊಬ್ರಿಗೂ ಒಂದೊಂದ್ ಗುಡ್ಲಾ?"

"ಹೂಂ, ಪ್ರತಿ ಕುಟುಂಬಕ್ಕೂ ಬೇರೆ ಬೇರೆ."

"ಬ್ಯಾಡ ಬುಡು. ಬ್ಯಾರೆ ಬ್ಯಾರೆ ಇರಕ್ಕೆ ಅಷ್ಟು ದೂರ ಯಾಕ್ ಹೋಗ್ಬೇಕು? ಇಲ್ಲೇ ಅಂಗೇ ಇದ್ದೀವಲ್ಲ."

ಬಾಲಿ ಚೇತನ್‌ನ ಎರಡನೆಯ ಆಯ್ಕೆ. ಎಷ್ಟು ದೊಡ್ಡದು ಎಂದು ಅವ್ವ ಕೇಳಿದಳು. ಹೆಚ್ಚುಕಮ್ಮಿ ನಮ್ಮ ಮೈಸೂರು ಜಿಲ್ಲೆಯಷ್ಟಿದೆ ಎಂದು ನಾನು ಪಾಂಡಿತ್ಯ ತೋರಿಸಿದೆ. ಅವ್ವ ತಲೆಯಾಡಿಸಿದಳು. ಅಷ್ಟು ದೊಡ್ಡದು ಆಗದಂತೆ. ಭಾವ ಶ್ರೀಲಂಕಾ ಹೇಳಿ ಕಳಿಸಿದರು. "ಅಲ್ಲಿಗೆ ಸೇತುವೆ ಕಟ್ಬುಟ್ಟವ್ರಲ್ಲ," ಅಂದಳು ಅವ್ವ. ಅದು ತ್ರೇತಾಯುಗದಲ್ಲಿ, ಈಗ ಅದರ ಮೇಲೆ ಯಾರೂ ಓಡಾಡುವುದಿಲ್ಲ ಎಂದರೂ ಒಪ್ಪಲಿಲ್ಲ. ಅತ್ತಿಗೆ ಉಪಾಯವಾಗಿ, "ರಾಮೇಶ್ವರಕ್ಕೆ ಹೋಗೋಣ ಅತ್ತೆ, ಅದೂ ದ್ವೀಪಾನೇ. ದೇವ್ರ ದರ್ಶನಾನೂ ಆಗುತ್ತೆ," ಎಂದಳು. ದೇವರ ಹೆಸರಿಗೆ ಅವ್ವ ಕರಗುತ್ತಾಳೆಂದೇ ನಾವೆಲ್ಲ ಅಂದುಕೊಂಡೆವು.

"ಅಲ್ಗೆ ರೈಲು ಹೋಯ್ತದಾ?"

"ನೇರ ದೇವಸ್ಥಾನದ ಹತ್ರಕ್ಕೇ ಹೋಗುತ್ತೆ. ಸಮುದ್ರದ ಮೇಲೆ ಸೇತುವೆ ಇದೆ."

"ಅಂಗಾದ್ರೆ ಅದೆಂತ ದ್ವೀಪ," ಎಂದು ಅವ್ವ ಕೈ ಕೊಡವಿದಳು.

ನಮ್ಮವರು ತಮಾಷೆಗೆ, "ಅತ್ತೆ, ಶ್ರೀರಂಗಪಟ್ಟಣವೇ ವಾಸಿ. ಊಟಕ್ಕೆ ವಾಪಸ್ ಬರಬಹುದು," ಅಂದರು. "ಅದುಕ್ಕೇ ಬ್ಯಾಡ," ಎಂದು ಅವ್ವ ಗಂಭೀರವಾಗಿಯೇ ಉತ್ತರ ಕೊಟ್ಟಳು.

ಆ ದಿನ ಮನೆಗೆ ಮರಳುವಾಗ ನಮ್ಮವರು ಸ್ಕೂಟರಿನ ಮೇಲಿಂದಲೇ ಕತ್ತು ಹಿಂದಕ್ಕೆ ತಿರುಗಿಸಿ, "ನಿಮ್ಮವ್ವ ಹುಡುಕ್ತಿರೋದು ದ್ವೀಪ ಅಲ್ಲ ಕಣೆ. ಬಾಗಿಲು ಇಲ್ದಿರೋ ಕೋಣೆ," ಎಂದರು. ನನಗೆ ಥಟ್ಟನೆ ಎಲ್ಲ ಹೊಳೆಯಿತು. ಚಿಕ್ಕದಿರಬೇಕು, ಸೇತುವೆ ಇರಬಾರದು, ದೋಣಿ ಕಡಿಮೆ ಇರಬೇಕು. ಸಿಟ್ಟು ಬಂದರೂ ಎದ್ದು ಹೋಗಲು ಯಾರಿಗೂ ಜಾಗವಿರಬಾರದು. ಇಷ್ಟು ವರ್ಷ ಪಾಠ ಮಾಡಿದ ನನಗೆ ದ್ವೀಪದ ಈ ಉಪಯೋಗ ತಿಳಿದಿರಲಿಲ್ಲ. ದೂರದಲ್ಲೇ ಇರಲಿ ಎಂದು ಜನರನ್ನು ದ್ವೀಪಕ್ಕೆ ಕಳಿಸುತ್ತಿದ್ದುದನ್ನು ಚರಿತ್ರೆಯಲ್ಲಿ ಹೇಳಿಕೊಟ್ಟಿದ್ದೆ. ಹತ್ತಿರ ಬರಲಿ ಎಂದು ಕರೆದೊಯ್ಯುವುದನ್ನು ಯಾವ ಪಠ್ಯದಲ್ಲೂ ಓದಿರಲಿಲ್ಲ.

ತಿಳಿದ ಮೇಲೆ ನಾನೂ ಅವ್ವನ ಪಕ್ಷ ಸೇರಿದೆ. ಲಕ್ಷದ್ವೀಪಕ್ಕೆ ದಿನಾ ಹಡಗಿಲ್ಲವೆಂದು ಕೇಳಿ ಅವ್ವನ ಮುಖ ಅರಳಿತು. ಆದರೆ ಅದಕ್ಕೆ ಪರವಾನಗಿ ಬೇಕು, ಹಡಗಿನ ದಿನಕ್ಕೂ ಅಣ್ಣನ ಅಂಗಡಿಗೂ ಹೊಂದುವುದಿಲ್ಲ ಎಂದಾಯಿತು. ಕೊನೆಗೆ ಅಂಡಮಾನಿನಲ್ಲಿ ನೀಲ್ ಎಂಬ ಒಂದು ಪುಟ್ಟ ದ್ವೀಪ ಕಣ್ಣಿಗೆ ಬಿತ್ತು. ಈಗ ಅದಕ್ಕೆ ಸರ್ಕಾರ ಬೇರೆ ಹೆಸರಿಟ್ಟಿದೆ. ನಮ್ಮ ಮನೆಯಲ್ಲಿ ಅದು ಬರೀ ದ್ವೀಪ. ಅಲ್ಲಿನ ಊರುಗಳ, ಕಡಲತೀರಗಳ ಹೆಸರು ಸೀತಾಪುರ, ಭರತಪುರ, ಲಕ್ಷ್ಮಣಪುರ ಎಂದೆಲ್ಲ ಇತ್ತು. "ರಾಮ ಎಲ್ಲವ್ನೆ?" ಎಂದಳು ಅವ್ವ. ರಾಮನಗರವೂ ಇದೆ ಎಂದೆ. "ಸಂಜೆ ಮ್ಯಾಲೆ ದೋಣಿ?" ಸಂಜೆ ಮೇಲೆ ದೋಣಿಯಿಲ್ಲ, ಗಾಳಿ ಜೋರಾದರೆ ಹಗಲೂ ಇಲ್ಲ ಎಂದೆ. ಅವ್ವ ತೃಪ್ತಿಯಿಂದ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಉಳಿದಿಬ್ಬರನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂತು. ಅಕ್ಕನ ಮನೆಯವರಿಗೆ ಮಾಲ್ಡೀವ್ಸ್ ಮೇಲೆ ಮನಸ್ಸಿದ್ದ ಹಾಗಿದೆ ಎಂದು ಅಣ್ಣನಿಗೆ ಹೇಳಿದೆ. ಅಕ್ಕನಿಗೆ, ಚೇತನ್ ತನ್ನ ಅಪ್ಪನನ್ನು ಮಾಲ್ಡೀವ್ಸ್‌ಗೆ ಒಪ್ಪಿಸುತ್ತಿದ್ದಾನೆ ಎಂದೆ. ಎರಡೂ ಪೂರ್ತಿ ಸುಳ್ಳಾಗಿರಲಿಲ್ಲ. ಎರಡೇ ದಿನದಲ್ಲಿ ಇಬ್ಬರೂ ಪ್ರತ್ಯೇಕವಾಗಿ, ಪರಸ್ಪರರ ಮೇಲಿನ ಹಟದಿಂದ, ಅಂಡಮಾನೇ ಆಗಬೇಕೆಂದು ತೀರ್ಪು ಕೊಟ್ಟರು.

ಪ್ರಯಾಣದ ವಿವರ ಬೇಡ. ಬೆಂಗಳೂರಿನಿಂದ ವಿಮಾನ, ಆಮೇಲೆ ಹಡಗು. ಅವ್ವನಿಗೆ ಹಡಗಿನಲ್ಲಿ ತಲೆ ಸುತ್ತೀತೆಂದು ನಾನು ನಿಂಬೆಹಣ್ಣು, ಮಾತ್ರೆ, ಪ್ಲಾಸ್ಟಿಕ್ ಕವರು ಎಲ್ಲ ಹೊತ್ತಿದ್ದೆ. ಅಷ್ಟೂ ನನ್ನ ಉಪಯೋಗಕ್ಕೇ ಬಂದವು. ಅವ್ವ ಕಿಟಕಿಯ ಪಕ್ಕ ಕೂತು ಒಂದು ಕೈಯಿಂದ ನನ್ನ ಬೆನ್ನು ನೀವುತ್ತಾ ದಾರಿಯುದ್ದಕ್ಕೂ ಸಮುದ್ರ ನೋಡಿದಳು. "ನಮ್ ಕಬ್ಬಿನ ಗದ್ದೆ ಗಾಳಿಗೆ ಇಂಗೇ ಆಡ್ತಿತ್ತು," ಎಂದು ಒಮ್ಮೆ ಹೇಳಿದಳು. ಅದು ನನಗೆ ಹೇಳಿದ್ದೋ, ಅಪ್ಪನಿಗೆ ಹೇಳಿದ್ದೋ.

ದ್ವೀಪದಲ್ಲಿ ನಾವು ಇಳಿದುಕೊಂಡ ಜಾಗದ ಹಿಂದೆಯೇ ಬದನೆ ತೋಟವಿತ್ತು. ಸಮುದ್ರ ನೋಡಲು ಅಷ್ಟು ದೂರ ಬಂದ ಅವ್ವ ಮೊದಲ ಬೆಳಗ್ಗೆಯೆಲ್ಲ ಬದನೆ ನೋಡಿದಳು. ತೋಟದ ಹೆಂಗಸು ಬಂಗಾಳಿಯಲ್ಲಿ, ಅವ್ವ ಕನ್ನಡದಲ್ಲಿ ಹುಳುವಿನ ಕಾಟದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಏನಂದಳು ಎಂದು ಕೇಳಿದರೆ, "ಬೂದಿ ಆಕ್ತಾಳಂತೆ," ಅಂದಳು. ಹೇಗೆ ತಿಳಿಯಿತೋ.

ಆದರೆ ಅಕ್ಕ ಮತ್ತು ಅಣ್ಣ ಅಲ್ಲಿಯೂ ತಮ್ಮ ಕಲೆ ಮರೆತಿರಲಿಲ್ಲ. ಅವನು ತಿಂಡಿಗೆ ಬೇಗ ಬರುತ್ತಿದ್ದ, ಅವಳು ತಡವಾಗಿ. ಅವನು ತೀರದ ಈ ತುದಿ, ಅವಳು ಆ ತುದಿ. ಅಷ್ಟು ಚಿಕ್ಕ ದ್ವೀಪವನ್ನೂ ಅವರು ಅರ್ಧರ್ಧ ಹಂಚಿಕೊಂಡದ್ದು ನೋಡಿ ನನಗೆ ಅಳು ಬರುವಂತಾಯಿತು.

ಮಾರನೆಯ ದಿನ ಮಧ್ಯಾಹ್ನ ಕಳೆದ ಮೇಲೆ ಎಲ್ಲರೂ ಲಕ್ಷ್ಮಣಪುರದ ತೀರಕ್ಕೆ ಹೋದೆವು. ನೀರು ಇಳಿದಿತ್ತು. ಬಹಳ ದೂರದವರೆಗೆ ಹವಳದ ಬಂಡೆ, ನಡುನಡುವೆ ಕನ್ನಡಿಯಂಥ ನೀರಿನ ಗುಂಡಿಗಳು. ಭಾವ, ಅತ್ತಿಗೆ, ನಮ್ಮವರು ಚೇತನ್‌ನ ಹಿಂದೆ ಮೀನು ನೋಡಲು ಹೋದರು. ಅವ್ವ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿನ ಕಡೆಗೆ ಹೊರಟಳು. ಅಣ್ಣ ಚಪ್ಪಲಿ ಬಿಟ್ಟು ಮರಳಿನ ಮೇಲೆ ಕೂತಿದ್ದ. ನನ್ನ ಕಡೆ ತಿರುಗಿ, "ಕಾಲ್ ಜಾರ್ತದೆ, ಬ್ಯಾಡ ಅಂತ ಹೇಳು ಅವ್ವಂಗೆ," ಅಂದ.

ಇನ್ನೊಂದು ಪಕ್ಕದಿಂದ ಅಕ್ಕ, "ಇಷ್ಟು ದೂರ ಬಂದು ಕಾಲು ನೆನೆಸ್ಬಾರ್ದಾ? ಹೋಗ್ಲಿ ಬಿಡು ಅಂತ ಹೇಳು," ಅಂದಳು.

"ಬಿದ್ರೆ ಯಾರು ಎತ್ತೋರು ಅಂತ ಕೇಳು."

"ಎತ್ತೋಕೆ ನಮ್ಗೂ ಕೈ ಇದೆ, ನಮ್ಗೂ ತಿಳಿಸಿದ್ರೆ ನಾವೂ ಬರ್ತೀವಿ ಅಂತ ಹೇಳು."

ನಾನು ಹೇಳುವುದಕ್ಕೆ ಏನೂ ಇರಲಿಲ್ಲ. ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ಅವ್ವ ಅರ್ಧ ದಾರಿಯಲ್ಲಿ ನಿಂತಳು. ತಿರುಗಿ ಬಂದು ಅವರಿಬ್ಬರ ಎದುರಿಗೆ, ಒದ್ದೆ ಮರಳಿನಲ್ಲಿ ಕೂತಳು.

"ಜಯ, ನಿಂಗೆ ಫೋನ್ ಮಾಡ್ಬ್ಯಾಡ ಅಂದೋಳು ನಾನು ಕಣವ್ವ," ಎಂದಳು.

ಅಣ್ಣ ತಲೆ ತಗ್ಗಿಸಿದ.

"ಅವ್ನು ಅವತ್ತು ಸಂಜೇನೇ ಫೋನ್ ಕೈಗೆ ತಕ್ಕೊಂಡಿದ್ದ. ಅಕ್ಕಂಗೆ ಯೋಳ್ತೀನಿ ಅಂದ. ನಾನೇ ಕಿತ್ಕೊಂಡೆ. ನಿನ್ನ ಕರ್ಸುದ್ರೆ, ನಿಮ್ಮಪ್ಪ ಉಳಿಯಕಿಲ್ಲ ಅಂತ ನಾನೇ ಒಪ್ಕಂಡಂಗೆ ಆಯ್ತದೆ ಅನ್ನುಸ್ತು. ನಾಳೆ ಮನೆಗ್ ಬಂದ್ಮೇಲೆ ಅವರ ಕೈಲೇ ಮಾತಾಡ್ಸಣ ಅಂದೆ." ಅವಳು ಬೆರಳಿನಿಂದ ಮರಳನ್ನು ಒತ್ತುತ್ತಿದ್ದಳು. "ನೀನು ಬಂದು ಕೇಳ್ದಾಗ ನಾನು ಅಲ್ಲೇ ಕೂತಿದ್ದೆ. ಅವ್ನು ನನ್ ಮೊಕ ನೋಡ್ದ. ತೋಚ್ಲಿಲ್ಲ ಅಂದ್ಬುಟ್ಟ. ನಂಗೆ ಬಾಯಿ ಬರ್ನಿಲ್ಲ. ಆಮೇಲೆ ಯೋಳಣ ಅಂತ ಬಾಯ್ ತೆಗ್ದಾಗೆಲ್ಲ ನೀವು ಎದ್ ಹೋದ್ರಿ. ನೀವು ಕೂತಿದ್ದಾಗ ನಾನೇ ಎದ್ದು ಒಳೀಕ್ ಹೋದೆ. ಇಲ್ಲಿ ಯಾರೂ ಎಲ್ಲೂ ಹೋಗಂಗಿಲ್ಲ. ನಾನೂವೆ."

ಅಕ್ಕ ಅಣ್ಣನನ್ನು ನೋಡಿದಳು. ಎಷ್ಟೋ ವರ್ಷಗಳ ನಂತರ ಅವಳು ಅವನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಅವನಿಗೆ ಅದನ್ನು ತಡೆಯಲಾಗಲಿಲ್ಲ. ಎದ್ದು, ಒಂದು ಮಾತೂ ಆಡದೆ, ತೀರದ ಉದ್ದಕ್ಕೆ ನಡೆಯತೊಡಗಿದ. ಹೋಗುವುದಕ್ಕೆ ಎಲ್ಲಿಯೂ ಜಾಗವಿಲ್ಲದ ಕಡೆಯೂ ಅವನಿಗೆ ಹೋ‌ಗಲೇಬೇಕಾಯಿತು.

ಅಕ್ಕ ಸ್ವಲ್ಪ ಹೊತ್ತು ಕೂತೇ ಇದ್ದಳು. ಆಮೇಲೆ ಅವಳ ಕಣ್ಣು ಮರಳಿನ ಮೇಲಿದ್ದ ಅವನ ಚಪ್ಪಲಿಗಳ ಮೇಲೆ ಬಿತ್ತು.

"ನೋಡು, ಬರಿಗಾಲಲ್ಲಿ ಹೋಗ್ತಾ ಇದಾನೆ. ಮುಂದೆಲ್ಲ ಹವಳದ ಚೂರು, ಕಾಲು ಕುಯ್ದು ಹಾಕುತ್ತೆ," ಅಂದಳು. ನನಗೆ ಹೇಳು ಅನ್ನಲಿಲ್ಲ. ತಾನೇ ಎದ್ದು, ಚಪ್ಪಲಿ ಎತ್ತಿಕೊಂಡು, ಸೆರಗು ಸಿಕ್ಕಿಸಿ ಅವನ ಹಿಂದೆ ಹೊರಟಳು. ಮೊದಲು ನಡೆದಳು. ಆಮೇಲೆ, ಅರವತ್ತು ದಾಟಿದ ನಮ್ಮ ಅಕ್ಕ, ಓಡಿದಳು.

ದೂರದಲ್ಲಿ ಇಬ್ಬರೂ ನಿಂತದ್ದು ಕಾಣಿಸಿತು. ಚಪ್ಪಲಿ ಕೆಳಗೆ ಹಾಕಿದ್ದು ಕಾಣಿಸಿತು. ಅವನು ಅದನ್ನು ಮೆಟ್ಟದೆ ಮುಖಕ್ಕೆ ಕೈ ಅಡ್ಡ ಹಿಡಿದು ನಿಂತ. ಅವಳು ಅವನ ತೋಳು ಹಿಡಿದಳು. ಏನು ಮಾತಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲೂ ಇಲ್ಲ. ಅವರ ಮಾತು ನನ್ನ ಮೂಲಕ ಹಾದುಹೋಗದಿದ್ದುದು ಅದೇ ಮೊದಲು.

ಅವ್ವ ಅವರ ಕಡೆ ನೋಡಲಿಲ್ಲ. ಸಮುದ್ರದ ಕಡೆ ಮುಖ ಮಾಡಿ ಕೂತಿದ್ದಳು. "ಬತ್ತಾವ್ರಾ?" ಎಂದು ಆಗಾಗ ಕೇಳುತ್ತಿದ್ದಳು. ಇಲ್ಲ, ಇನ್ನೂ ಮಾತಾಡುತ್ತಿದ್ದಾರೆ ಎನ್ನುತ್ತಿದ್ದೆ. "ಆಡ್ಲಿ," ಎನ್ನುತ್ತಿದ್ದಳು. ಕೊನೆಗೆ ಅವಳ ಕೈ ಹಿಡಿದು ನೀರಿಗಿಳಿಸಿದೆ. ಅಂಗಾಲಿಗೆ ಅಲೆ ತಾಕಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ನೋಡಬೇಕೆಂದು ಬಂದವಳು.

ಅಲ್ಲಿಂದ ಬಂದ ಮೇಲೆ ಎಲ್ಲ ಸಿಹಿಯಾಯಿತೆಂದು ಹೇಳಿದರೆ ನೀವೂ ನಂಬುವುದಿಲ್ಲ. ಅಕ್ಕ ಕೆಲವು ತಿಂಗಳು ಅವ್ವನ ಮೇಲೆ ಮುನಿಸಿಕೊಂಡಳು. ಅದು ನ್ಯಾಯವೇ. ಆದರೆ ಮುನಿಸಿಕೊಂಡವಳು ಈ ಸಲ ಅಣ್ಣನ ಮನೆಗೇ ಬಂದು, ಅವ್ವನ ಎದುರಿಗೇ ಕೂತು ಜಗಳವಾಡಿದಳು, ಅತ್ತಳು, ಅಲ್ಲೇ ಊಟ ಮಾಡಿದಳು. ಅಣ್ಣ ಮತ್ತು ಅವಳು ಈಗ ದಿನಾ ಫೋನಿನಲ್ಲಿ ಕಚ್ಚಾಡುತ್ತಾರೆ. ಬೆಲ್ಲ ಕಪ್ಪಾಯಿತೆಂದು ಅವಳು, ಕಪ್ಪು ಬೆಲ್ಲವೇ ಒಳ್ಳೆಯದೆಂದು ಅವನು.

ಕಳೆದ ತಿಂಗಳು ಅವ್ವನಿಗೆ ಜ್ವರ ಬಂದು ನಿತ್ರಾಣವಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವಳೀಗ ನಮ್ಮ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿರುವುದು ಅದಕ್ಕೇ. ಅವತ್ತು ಮಧ್ಯಾಹ್ನ ಮಾವಿನಕಾಯಿ ಗೊಜ್ಜಿಗೆ ಸಾಸಿವೆ ಎಷ್ಟು ಎಂದು ಕೇಳಲು ನಾನು ಅಕ್ಕನಿಗೆ ಫೋನ್ ಮಾಡಿದೆ. "ಆಸ್ಪತ್ರೆಲಿದ್ದೀನಿ ಕಣೆ, ಆಮೇಲೆ ಮಾಡ್ತೀನಿ," ಅಂದಳು. ಯಾಕೆ, ಯಾರಿಗೆ ಏನಾಯಿತು ಎಂದು ಬಿಡದೆ ಕೇಳಿದೆ. ಅಣ್ಣ ಬೆಳಗಿನ ಜಾವ ಅವ್ವನನ್ನು ಕಾರಿಗೆ ಹತ್ತಿಸುವ ಮೊದಲೇ ಅಕ್ಕನಿಗೆ ಫೋನ್ ಮಾಡಿದ್ದನಂತೆ. ಇವರು ತಲುಪುವಷ್ಟರಲ್ಲಿ ಅವಳು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳಂತೆ.

ನಾನು ಆಟೋ ಹಿಡಿದು ಹೋದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವ್ವನ ಕೋಣೆಯ ಹೊರಗೆ ಬೆಂಚಿನ ಮೇಲೆ ಇಬ್ಬರೂ ಒಂದೇ ಡಬ್ಬಿಯಿಂದ ಇಡ್ಲಿ ತಿನ್ನುತ್ತಾ, ಡಾಕ್ಟರು ಹೇಳಿದ್ದು ಎರಡು ಬಾಟಲಿ ಗ್ಲುಕೋಸೋ ಮೂರೋ ಎಂದು ವಾದ ಮಾಡುತ್ತಿದ್ದರು.

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಅಂದೆ.

ಅಕ್ಕ ಅಣ್ಣನನ್ನು ನೋಡಿದಳು. "ನೀನು ಹೇಳಿರ್ತೀಯ ಅನ್ಕೊಂಡೆ."

"ನೀನು ಹೇಳಿರ್ತೀಯ ಅಂತ ನಾನು," ಅಂದ ಅಣ್ಣ.

ಒಳಗಿನಿಂದ ಅವ್ವನ ಕೆಮ್ಮು ಕೇಳಿಸಿತು. ಮಾಮೂಲಿ ಕೆಮ್ಮು, ಗಾಬರಿಯದಲ್ಲ. ಜೋಡಿಸಿಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ. ಆ ಬೆಂಚಿನಲ್ಲಿ ಅವರಿಬ್ಬರ ನಡುವೆ ಜಾಗವಿರಲಿಲ್ಲ. ನಾನು ತುದಿಯಲ್ಲಿ ಕೂತೆ.